ನಲವತ್ತೊಂದನೇ ಕಾರ್ಡು

"ನಲವತ್ತೊಂದು ಯಾರದ್ದು?" ಎಂದು ಶೇಖರ ಮೂರನೆಯ ಸಲ ಕೇಳಿದಾಗ ಡೆನಿಸ್ ಕಾರ್ಡುಗಳ ಪೆಟ್ಟಿಗೆಗೆ ಕೈಹಾಕಲೇಬೇಕಾಯಿತು. ಗೊತ್ತಿರಲಿಲ್ಲವೆಂದಲ್ಲ. ಕಾಪು ಪೇಟೆಯಲ್ಲಿ ಅವನು ನಡೆಸುವ ಬಾಡಿಗೆ ಲೈಬ್ರರಿಯ ತೊಂಬತ್ತು ಕಾರ್ಡುಗಳಲ್ಲಿ ಯಾವುದು ಯಾರದ್ದು ಎಂಬುದು ಅವನಿಗೆ ಬಾಯಿಪಾಠ. ಆದರೂ ಹುಡುಕುವವನಂತೆ ನಟಿಸಿ, "ಅಲಿ, ದುಬೈ" ಎಂದು ಓದಿದ.

"ದುಬೈಯಲ್ಲಿರುವವನು ಇಲ್ಲಿಯ ಬುಕ್ಕಿನಲ್ಲಿ ಹೇಗೆ ಬರೆಯುತ್ತಾನೆ ಮಾರಾಯ?"

"ಬುಕ್ಕು ಕೊಂಡುಹೋಗುವುದು ಅವನ ತಂದೆ. ಪಕ್ಕದ ಜೀನಸಿನ ಅಂಗಡಿಯ ಶೇಕಬ್ಬ."

"ಹಾಗಾದರೆ ಅವರನ್ನೇ ಕರೆ."

ಅದು ಭಾನುವಾರದ ಮಧ್ಯಾಹ್ನ. 'ಮಂಗಳನ ಕೇರಿ'ಯ ಬಗ್ಗೆ ಓದುಗರು ತಮ್ಮ ಅಭಿಪ್ರಾಯ ಹಂಚಿಕೊಳ್ಳಬೇಕೆಂದು ಹದಿನಾಲ್ಕು ಜನ ಡೆನಿಸನ ಎರಡು ಬೆಂಚುಗಳಲ್ಲಿ ಒತ್ತಿಕೊಂಡು ಕುಳಿತಿದ್ದರು. ಭೂಮಿಯಿಂದ ಹೋದ ಜನ ಮಂಗಳಗ್ರಹದಲ್ಲಿ ಮನೆ ಕಟ್ಟಿಕೊಳ್ಳುವ ಆ ಕಥೆ ಒಂದು ವಾರಪತ್ರಿಕೆಯಲ್ಲಿ ಎರಡು ವರ್ಷ ಧಾರಾವಾಹಿಯಾಗಿ ಬಂದಿತ್ತು. ಡೆನಿಸ್ ವಾರವಾರವೂ ಆ ಹಾಳೆಗಳನ್ನು ಕಿತ್ತಿಟ್ಟು, ಕಾರ್ಕಳದ ಚೆನ್ನಪ್ಪನಿಂದ ಮೂರು ಭಾಗಗಳಾಗಿ ಬೈಂಡು ಮಾಡಿಸಿದ್ದ. ಓದುವವರು ಅಂಚಿನಲ್ಲೆಲ್ಲ ಗೀಚಿ ಪುಸ್ತಕ ಹಾಳು ಮಾಡುತ್ತಾರೆಂದು ಪ್ರತಿ ಪುಸ್ತಕದ ಹಿಂದೆ ನಾಲ್ಕು ಖಾಲಿ ಹಾಳೆ ಸೇರಿಸಿ ಹೊಲಿಸುವುದು ಅವನ ಕ್ರಮ. ಹೇಳುವುದಿದ್ದರೆ ಅಲ್ಲಿ ಬರೆಯಬೇಕು, ಕೆಳಗೆ ಹೆಸರಿನ ಬದಲು ಕಾರ್ಡಿನ ನಂಬರು ಹಾಕಬೇಕು.

ಶೇಖರ ಮಣಿಪಾಲದ ಬ್ಯಾಂಕೊಂದರಲ್ಲಿ ಗುಮಾಸ್ತ, ಬಿ.ಎಸ್ಸಿ. ಪಾಸಾದವನು. ಅದನ್ನು ಕೇಳದವರಿಗೂ ಹೇಳುತ್ತಿದ್ದ. 'ಮಂಗಳನ ಕೇರಿಯಲ್ಲಿ ವಿಜ್ಞಾನದ ಒಂದು ಸಣ್ಣ ತಪ್ಪೂ ಇಲ್ಲ' ಎಂಬ ಅವನ ಪತ್ರ ವಾರಪತ್ರಿಕೆಯಲ್ಲಿ ಅಚ್ಚಾದ ಮೇಲಂತೂ ಕಾದಂಬರಿಯನ್ನು ತಾನೇ ಬರೆದವನ ಹಾಗೆ ನಡೆಯತೊಡಗಿದ್ದ. ಆ ಪತ್ರದ ಹಾಳೆಯನ್ನೂ ಒತ್ತಾಯಮಾಡಿ ಎರಡನೇ ಭಾಗದ ಕೊನೆಗೆ ಹೊಲಿಸಿದ್ದ. ಈಗ ಅದರ ಕೆಳಗೇ ನೀಲಿ ಶಾಯಿಯಲ್ಲಿ, ದುಂಡಗಿನ ಅಕ್ಷರದಲ್ಲಿ ಒಂದು ಸಾಲು ಬಂದು ಕುಳಿತಿತ್ತು: 'ಇವರು ಹೊಗಳಿದ್ದಾರೆ, ಓದಿಲ್ಲ. - 41.'

ಕೈಗೆ ಹತ್ತಿದ್ದ ಮೆಣಸಿನ ಪುಡಿಯನ್ನು ಲುಂಗಿಗೆ ಒರೆಸಿಕೊಳ್ಳುತ್ತಾ ಶೇಕಬ್ಬ ಬಂದು ಬಾಗಿಲಲ್ಲಿ ನಿಂತ. ಅರವತ್ತು ದಾಟಿದ ಮನುಷ್ಯ. ಅರಬ್ಬಿ ಅಕ್ಷರ ಬರುತ್ತಿತ್ತು, ಕನ್ನಡ ಓದಲು ಬಾರದು.

"ಎಂತ, ಬುಕ್ಕು ಹರಿದುಹೋಗಿದೆಯಾ?"

"ಹರಿದಿದ್ದರೆ ಅಂಟಿಸಬಹುದಿತ್ತು" ಎಂದ ಶೇಖರ. "ಇದರಲ್ಲಿ ಬರೆಯುವುದು ಯಾರು?"

ಶೇಕಬ್ಬನಿಗೆ ಬರೆಯುವ ಸಂಗತಿಯೇ ಗೊತ್ತಿರಲಿಲ್ಲ. ಒಂದು ವರ್ಷದಿಂದ ಪುಸ್ತಕಗಳನ್ನು ಕಂಕುಳಲ್ಲಿಟ್ಟು ಒಯ್ದವನೂ ತಂದವನೂ ಅವನೇ. ಮನೆಯಲ್ಲಿ ಕನ್ನಡ ಬಲ್ಲವಳು ಸೊಸೆ ಖತೀಜಾ ಒಬ್ಬಳೇ. ಅವಳ ಹೆಸರನ್ನು ಇಷ್ಟು ಗಂಡಸರ ನಡುವೆ ಎತ್ತಲು ಮನಸ್ಸಾಗದೆ, "ಮನೆಯವರು" ಎಂದ.

ಮೊದಲೇ ಅವನಿಗೆ ಅವಳ ಮೇಲೆ ಸಿಟ್ಟಿತ್ತು. ಅಲಿ ಪತ್ರ ಬರೆಯುವವನಲ್ಲ, ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದ. ಕೇಳಿಯಾದ ಮೇಲೆ ಅದೇ ಕ್ಯಾಸೆಟ್ಟಿನಲ್ಲಿ, ಅವನ ಮಾತಿನ ಮೇಲೆಯೇ ಮನೆಯವರು ಉತ್ತರ ತುಂಬಿಸಿ ವಾಪಸು ಕಳಿಸುವುದು. ಕಡಲತೀರದ ಗಲ್ಫ್ ಮನೆಗಳಲ್ಲೆಲ್ಲ ಹಾಗೆಯೇ. ಆದರೆ ನಾಲ್ಕು ತಿಂಗಳ ಹಿಂದೆ ಬಂದ ಕ್ಯಾಸೆಟ್ಟನ್ನು ಖತೀಜಾ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಳು. ಎರಡೂವರೆ ವರ್ಷದ ಮಗು ಮಮ್ಮು ಜ್ವರದಲ್ಲಿ ತೀರಿಹೋದ ವಾರದೊಪ್ಪತ್ತಿಗೆ ಬಂದದ್ದು ಅದು. ಅಂದು ಟೇಪ್ ರೆಕಾರ್ಡರಿನಲ್ಲಿ ಅಲಿಯ ಸಲಾಮು ಕೇಳಿದ್ದೇ ಶೇಕಬ್ಬ ಎದ್ದು ಹೊರಗೆ ಹೋಗಿದ್ದ, ಮುಂದಿನದ್ದನ್ನು ಕೇಳಿರಲಿಲ್ಲ. ತಂತಿ ಕಳಿಸಿದ್ದು ಬಿಟ್ಟರೆ ಮಗನಿಗೆ ಮನೆಯಿಂದ ಒಂದು ಮಾತೂ ಹೋಗಿರಲಿಲ್ಲ. ಬರುವ ಬುಧವಾರ ಹೂಡೆ ಊರಿನವರೊಬ್ಬರು ದುಬೈಗೆ ಹೊರಡುವವರಿದ್ದರು. ಅದಕ್ಕೇ ಈ ಭಾನುವಾರ ಬೆಳಿಗ್ಗೆ ಅವನು ಖಂಡಿತವಾಗಿ ಹೇಳಿದ್ದ, ಉತ್ತರ ತುಂಬಿಸಿ ಕ್ಯಾಸೆಟ್ಟು ಕೊಡದಿದ್ದರೆ ಇನ್ನು ಮನೆಗೆ ಪುಸ್ತಕವೂ ಇಲ್ಲ ಎಂದು. ಮಗು ಹೋದ ಮೇಲೆ ಅವಳು ಅನ್ನಕ್ಕಿಂತ ಹೆಚ್ಚಾಗಿ ಪುಸ್ತಕದ ದಾರಿ ಕಾಯುವುದು ಅವನಿಗೆ ಗೊತ್ತಿತ್ತು, ಗೊತ್ತಿದ್ದೇ ಹೇಳಿದ್ದ.

"ಕೇಳಿ ಹಾಗಾದರೆ, ನಿಮ್ಮ ಮನೆಯವರ ಬುದ್ಧಿವಂತಿಕೆ" ಎಂದು ಶೇಖರ ಪುಸ್ತಕದ ಹಿಂಭಾಗ ಬಿಡಿಸಿದ. "'ನೀರಿಲ್ಲದ ಗ್ರಹದಲ್ಲಿ ಹೆಂಗಸರು ದಿನಕ್ಕೆ ಎರಡು ಸಲ ಬಟ್ಟೆ ಒಗೆಯುತ್ತಾರೆ. ಲೇಖಕರು ಬಾವಿಯಿಂದ ನೀರು ಸೇದಿದವರಲ್ಲ.'"

ಬೆಂಚಿನಲ್ಲಿ ಯಾರೋ ನಕ್ಕರು. ಶೇಖರನಿಗೆ ಹುರುಪು ಬಂತು.

"'ನಲವತ್ತು ಗಂಡಸರು ಹೋದ ರಾಕೆಟ್ಟಿನಲ್ಲಿ ಅಡುಗೆ ಮಾಡಿದವರು ಯಾರು?' ನೋಡಿ, ಇವರಿಗೆ ಬೇಕಾದ್ದು ಅಡುಗೆ. ಇನ್ನೊಂದು ಉಂಟು, ಇದೇ ದೊಡ್ಡದು. 'ಐವತ್ತೆರಡನೆಯ ಕಂತು. ಮಂಗಳನಲ್ಲಿರುವ ಗಂಡ ರೇಡಿಯೋದಲ್ಲಿ ಕೇಳಿದ ಕೂಡಲೇ ಭೂಮಿಯಿಂದ ಹೆಂಡತಿ ಉತ್ತರ ಕೊಡುತ್ತಾಳೆ. ಇದು ಆಗುವ ಕೆಲಸವಲ್ಲ. ಅಷ್ಟು ದೂರದಿಂದ ಮಾತು ಬಂದು ಮುಟ್ಟುವಾಗ ಇಲ್ಲಿ ಎಲ್ಲ ಬದಲಾಗಿರುತ್ತದೆ.' ಇವರಿಗೆ ಹೇಗೆ ಗೊತ್ತಂತೆ, ಕೇಳಿ. 'ನಮ್ಮವರ ಮಾತು ಕ್ಯಾಸೆಟ್ಟಿನಲ್ಲಿ ಬರುತ್ತದೆ. ಮಮ್ಮು, ಬಾಪ ಅಂತ ಹೇಳು ನೋಡುವಾ ಎಂದು ಹೇಳಿ ಅವರು ಸುಮ್ಮನಾಗುತ್ತಾರೆ. ಮಗು ಹೇಳಲಿ ಎಂದು ಬಿಟ್ಟ ಜಾಗ. ಆಮೇಲೆ, ಹಾಂ, ಶಹಬ್ಬಾಸ್ ಎಂದು ನಗುತ್ತಾರೆ. ಆ ಕ್ಯಾಸೆಟ್ಟು...'"

ಶೇಖರನ ದನಿ ಅಲ್ಲಿಗೆ ನಿಂತಿತು. ಕಣ್ಣು ಮಾತ್ರ ಮುಂದಿನ ಸಾಲಿಗೆ ಹೋಯಿತು.

"ಓದಿ" ಎಂದ ಶೇಕಬ್ಬ.

"ಮತ್ತೆಂತ ಇಲ್ಲ."

"ಉಂಟು. ಓದಿ."

ಉದ್ಯಾವರದ ಶಾಲೆಯ ಟೀಚರು ಐರಿನ್ ಎದ್ದು ಅವನ ಕೈಯಿಂದ ಪುಸ್ತಕ ತೆಗೆದುಕೊಂಡು ತಾನೇ ಓದಿದಳು. "'ಆ ಕ್ಯಾಸೆಟ್ಟು ಬಂದಾಗ ಮಗು ಹೋಗಿ ಒಂಬತ್ತು ದಿನ. ಲೇಖಕರು ಆ ಹೆಂಡತಿಗೂ ಸ್ವಲ್ಪ ಜಾಗ ಬಿಡಬೇಕಿತ್ತು. - 41.'"

ಶೇಕಬ್ಬ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ನಾಲ್ಕು ತಿಂಗಳಿಂದ ತಾನು ಯಾವುದರ ಮೇಲೆ ಮಾತು ತುಂಬಿಸೆಂದು ಅವಳನ್ನು ಕಾಡುತ್ತಿದ್ದೆ ಎಂಬುದು ಅವನಿಗೆ ತಿಳಿದದ್ದು ಆಗ.

"ಮನೆಯ ದುಃಖ ಮನೆಯಲ್ಲಿರಬೇಕು" ಎಂದ ಶೇಖರ, ಯಾರ ಮುಖವನ್ನೂ ನೋಡದೆ. "ವಿಜ್ಞಾನದ ಚರ್ಚೆಗೆ ಇದನ್ನು ತರಬಾರದು."

"ವಿಜ್ಞಾನವೂ ಸರಿಯೇ ಉಂಟು" ಎಂದಳು ಐರಿನ್. "ಮಂಗಳನಿಂದ ರೇಡಿಯೋ ಬಂದು ಮುಟ್ಟಲು ನಿಮಿಷಗಟ್ಟಲೆ ಬೇಕು. ಬಿ.ಎಸ್ಸಿ.ಗೆ ನೀವೂ ಓದಿರಬಹುದು, ಅಲ್ವಾ?"

ಅಷ್ಟು ಸಾಕಾಯಿತು. ಶೇಖರನ ಕಿವಿ ಕೆಂಪಾಯಿತು. ಸೋತದ್ದನ್ನು ಒಪ್ಪಿಕೊಳ್ಳುವ ಜಾತಿಯವನಲ್ಲ ಅವನು. "ಡೆನಿಸ್, ನಲವತ್ತೊಂದನ್ನು ರದ್ದು ಮಾಡು. ಆ ಹಾಳೆಗಳನ್ನು ಹರಿ. ಇಲ್ಲದಿದ್ದರೆ ನಾನೂ ಬರುವುದಿಲ್ಲ, ನಮ್ಮ ಬ್ಯಾಂಕಿನ ಹನ್ನೊಂದು ಜನವೂ ಬರುವುದಿಲ್ಲ."

ಡೆನಿಸ್ ಮೇಜಿನ ಮೇಲಿದ್ದ ಸ್ಕ್ರೂಡ್ರೈವರನ್ನು ಸುಮ್ಮನೆ ಆಚೀಚೆ ಸರಿಸಿದ. ಕೊನೆಗೆ ಶೇಕಬ್ಬನೆಡೆ ನೋಡಿ, "ಕಾರ್ಡು ಅಲಿಯ ಹೆಸರಿನಲ್ಲಿ ಉಂಟು. ಅಲಿ ಊರಿನಲ್ಲಿಲ್ಲ. ರದ್ದು ಮಾಡಬೇಕಾಗ್ತದೆ" ಎಂದು ಗೊಣಗಿದ.

"ಮಾಡು" ಎಂದ ಶೇಕಬ್ಬ. "ಹೊಸದು ಬರೆ. ಖತೀಜಾ ಅಂತ ಬರೆ."

ಶೇಕಬ್ಬ ಒಳಗೆ ಬಂದು ಮೇಜಿನ ಮುಂದೆ ನಿಂತ. "ಶೇಖರಣ್ಣ, ಮಂಗಳ ಎಲ್ಲಿದೆ ಅಂತ ನನಗೆ ಗೊತ್ತಿಲ್ಲ. ಅವಳು ಬರೆದದ್ದರಲ್ಲಿ ಸುಳ್ಳು ಯಾವುದು ಅಂತ ಹೇಳಿ. ಅದನ್ನು ನಾನೇ ಹರಿಯುತ್ತೇನೆ."

ಶೇಖರ ಚಪ್ಪಲಿ ಮೆಟ್ಟಿಕೊಂಡ. ಅವನ ಹಿಂದೆ ಐದು ಜನ ಎದ್ದರು. ಉಳಿದವರೂ ಸಂತೋಷದಿಂದ ಉಳಿದವರಲ್ಲ, ಬಸ್ಸಿಗೆ ಇನ್ನೂ ಹೊತ್ತಿತ್ತು ಅಷ್ಟೆ. "ನನ್ನ ಹೊಟ್ಟೆಗೆ ಹೊಡೆದಿರಿ ನೀವು" ಎನ್ನುತ್ತಲೇ ಡೆನಿಸ್ ಹೊಸ ಕಾರ್ಡು ಬರೆದು, ಅದರ ಜೊತೆ ಮೂರನೇ ಭಾಗವನ್ನು ಮೇಜಿನ ಮೇಲೆ ದೂಡಿದ. ಆಮೇಲೆ ಮುಖ ತಿರುಗಿಸಿ ಪುಸ್ತಕಗಳ ಜೊತೆ ಬಾಡಿಗೆಗೆ ಕೊಡುವ ಹಾಡಿನ ಕ್ಯಾಸೆಟ್ಟುಗಳ ಕೆಲಸಕ್ಕೆ ಕುಳಿತ. ಒಂದೊಂದನ್ನೇ ಎತ್ತಿ, ಬೆನ್ನಿನ ಎರಡು ಮೂಲೆಗಳಲ್ಲಿದ್ದ ಚಿಕ್ಕ ಪ್ಲಾಸ್ಟಿಕ್ ಚೂರುಗಳನ್ನು ಸ್ಕ್ರೂಡ್ರೈವರಿನಿಂದ ಮುರಿಯುತ್ತಿದ್ದ.

"ಅದು ಎಂತಕ್ಕೆ ಮುರಿಯುವುದು?" ಎಂದು ಶೇಕಬ್ಬ ಕೇಳಿದ.

"ಇದನ್ನು ಮುರಿದರೆ ಮತ್ತೆ ಅದರ ಮೇಲೆ ರೆಕಾರ್ಡು ಆಗುವುದಿಲ್ಲ. ಇಲ್ಲದಿದ್ದರೆ ಜನ ಹಾಡನ್ನು ಅಳಿಸಿ ತರುತ್ತಾರೆ."

ಶೇಕಬ್ಬ ಮುರಿದ ಚೂರೊಂದನ್ನು ಎತ್ತಿ ನೋಡಿದ. "ಖಾಲಿಯದ್ದು ಒಂದು ಕೊಡು" ಎಂದ.

ಮನೆಯಲ್ಲಿ ಖತೀಜಾ ಜಗಲಿಯಲ್ಲಿ ಅಕ್ಕಿ ಕೇರುತ್ತಿದ್ದಳು. ಮಾವನ ಕೈಯಲ್ಲಿ ಪುಸ್ತಕ ಇರಲಿಕ್ಕಿಲ್ಲವೆಂದು ತಲೆ ಎತ್ತಲಿಲ್ಲ. ಶೇಕಬ್ಬ ಮೂರನೇ ಭಾಗವನ್ನು ಅವಳ ಪಕ್ಕದಲ್ಲಿಟ್ಟ, ಅದರ ಮೇಲೆ ಕಾರ್ಡು, ಕಾರ್ಡಿನ ಮೇಲೆ ಖಾಲಿ ಕ್ಯಾಸೆಟ್ಟು. ಅವಳು ಕಾರ್ಡಿನಲ್ಲಿದ್ದ ಹೆಸರನ್ನು ಎರಡು ಸಲ ಓದಿದಳು.

"ಟ್ರಂಕಿನಲ್ಲಿರುವುದನ್ನು ತಾ" ಎಂದ ಅವನು.

ಅವಳು ಅಲುಗಾಡಲಿಲ್ಲ. "ಅದರ ಮೇಲೆ ಮಾತಾಡಲು ನನ್ನಿಂದ ಆಗುವುದಿಲ್ಲ ಮಾವ. ಬೇಕಾದರೆ ಪುಸ್ತಕ ವಾಪಸು ಕೊಂಡುಹೋಗಿ."

"ತಾ ಮಗಳೇ. ಟೇಪನ್ನೂ ತಾ."

ತಂದದ್ದನ್ನು ಅವಳು ಒಮ್ಮೆಗೇ ಕೊಡಲಿಲ್ಲ. ಕೊನೆಗೆ ಕೊಟ್ಟಳು. ಶೇಕಬ್ಬ ಸೊಂಟದಲ್ಲಿದ್ದ ಗೋಣಿ ಬಿಚ್ಚುವ ಚೂರಿಯನ್ನು ತೆಗೆದಾಗ ತಡೆಯಲು ಅವಳ ಕೈ ಮುಂದೆ ಬಂತು. ಅವನು ಚೂರಿಯ ತುದಿಯಿಂದ ಕ್ಯಾಸೆಟ್ಟಿನ ಬೆನ್ನಿನ ಒಂದು ಮೂಲೆಯ ಚೂರನ್ನು ಮುರಿದ. ಇನ್ನೊಂದನ್ನೂ ಮುರಿದ. "ಇನ್ನು ಇದರ ಮೇಲೆ ಯಾರಿಗೂ ತುಂಬಿಸಲು ಆಗುವುದಿಲ್ಲ. ಅವನಿಗೆ ಹೇಳುವುದನ್ನು ಹೊಸದರಲ್ಲಿ ಹೇಳು" ಎಂದ. ಮೆಟ್ಟಿಲ ಮೇಲೆ ಬಿದ್ದ ಚೂರುಗಳನ್ನು ಕೋಳಿಯೊಂದು ಓಡಿ ಬಂದು ಕುಕ್ಕಿ ನೋಡಿ, ಬಿಟ್ಟು ಹೋಯಿತು.

ಖತೀಜಾ ಕ್ಯಾಸೆಟ್ಟನ್ನು ಟೇಪಿಗೆ ಹಾಕಿ ಗುಂಡಿ ಒತ್ತಿದಳು. ಒಳಗಿನಿಂದ ಅಲಿಯ ಸಲಾಮು ಬಂತು. ಈ ಸಲ ಶೇಕಬ್ಬ ಏಳಲಿಲ್ಲ.