ಬಾಯಲ್ಲಿ ಕುಸ್ತಿ ಆಡದ ರೇವಣಪ್ಪ

ನೂರಾಹತ್ತು ಕಿಲೋ ತೂಕದ ಮನುಷ್ಯ ನಡೆದರೆ ನೆಲ ನಡುಗಬೇಕು ತಾನೇ? ಚೌಳಹಿರಿಯೂರಿನ ಪೈಲ್ವಾನ್ ರೇವಣಪ್ಪ ನಡೆದರೆ ಧೂಳು ಕೂಡ ಏಳುತ್ತಿರಲಿಲ್ಲ. ಮಂಡಿಯನ್ನು ತುಸು ಬಗ್ಗಿಸಿ, ಅಂಗಾಲಿನ ಮುಂಭಾಗವನ್ನಷ್ಟೇ ಊರಿ, ಭೂಮಿಯ ಅಪ್ಪಣೆ ಕೇಳಿಕೊಂಡು ಹೆಜ್ಜೆಯಿಡುವವನಂತೆ ಬರುತ್ತಿದ್ದ. ಕಡೂರು ಬಸ್ ಸ್ಟ್ಯಾಂಡಿನಲ್ಲಿ ನಾವು ನಾಲ್ಕು ಜನ ಅವನನ್ನೇ ಕುರಿತು ಹರಟುತ್ತಿರುವಾಗ ಬೆನ್ನ ಮೇಲೆ ನೆರಳು ಬಿದ್ದು, ಮೋಡ ಬಂತೇನೋ ಎಂದು ತಿರುಗಿದರೆ, ರೇವಣಪ್ಪ! ಮೈಮೇಲೆ ಸಂತೆಯಲ್ಲಿ ಕೊಂಡ ಹಳೆಯ ಮಿಲಿಟರಿ ಕೋಟು. ಅದರ ಗುಂಡಿಗೂ ಕಾಜಕ್ಕೂ ಜನ್ಮದಲ್ಲಿ ಮುಖಪರಿಚಯವಾಗಿರಲಿಲ್ಲ. ಕಿವಿಗಳೋ, ಅಖಾಡದ ಮಣ್ಣಿನಲ್ಲಿ ಉಜ್ಜಿ ಉಜ್ಜಿ ಹಿಂಡಿದ ಹುಣಸೆಹಣ್ಣಿನಂತಾಗಿದ್ದವು.

ಅವನ ವಿಷಯದಲ್ಲಿ ನಾನು ಬೇಕಾದಷ್ಟು ಸುಳ್ಳು ಹೇಳಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಅಜ್ಜಂಪುರದ ಅಮೃತಮಹಲ್ ಕಾವಲಿನ ಹೋರಿಯೊಂದು ಹಗ್ಗ ಹರಿದುಕೊಂಡು ನುಗ್ಗಿದಾಗ ಅವನು ಕೊಂಬು ಹಿಡಿದು ಕಿವಿಯಲ್ಲಿ ಏನೋ ಹೇಳಿದನೆಂದೂ, ಹೋರಿ ನಾಚಿ ಕುಳಿತುಬಿಟ್ಟಿತೆಂದೂ ಮೊದಲನೆಯ ಮೊಮ್ಮಗನಿಗೆ ಹೇಳಿದೆ. ಮೂರನೆಯವಳು ಕೇಳುವ ಹೊತ್ತಿಗೆ ಅದು ಜೋಡಿ ಹೋರಿಯಾಗಿ, ಹಿಂದೊಂದು ಗಾಡಿಯೂ ಸೇರಿತ್ತು. ಅವನು ಇಡ್ಲಿ ತಿನ್ನಲು ಕೂತನೆಂದರೆ ತರೀಕೆರೆಯ ಹೋಟೆಲಿನವರು ಬೋರ್ಡನ್ನು ಒಳಕ್ಕೆ ತೆಗೆದಿಡುತ್ತಿದ್ದರು ಎಂಬುದೂ ನನ್ನದೇ ಕೊಡುಗೆ. ಇವನ್ನೆಲ್ಲ ಕಳೆದರೂ ಉಳಿಯುವ ರೇವಣಪ್ಪ ಸಾಕಷ್ಟು ದೊಡ್ಡವನು. ಎಪ್ಪತ್ತರ ದಶಕದಲ್ಲಿ 'ಚೌಳಹಿರಿಯೂರು ಹುಲಿ' ಎಂಬ ಪೋಸ್ಟರು ಗೋಡೆಗೆ ಬಿತ್ತೆಂದರೆ ಸಖರಾಯಪಟ್ಟಣದ ಕಡೆಯ ಬಸ್ಸುಗಳಲ್ಲಿ ನಿಲ್ಲಲೂ ಜಾಗವಿರುತ್ತಿರಲಿಲ್ಲ.

ಅವನಿಗೊಂದು ದುರಭ್ಯಾಸವಿತ್ತು. ತನ್ನ ಪರವಾಗಿ ಒಂದು ಮಾತನ್ನೂ ಆಡುತ್ತಿರಲಿಲ್ಲ. ಎಪ್ಪತ್ತಾರರಲ್ಲಿ ತರೀಕೆರೆಯಲ್ಲಿ ನಡೆದ ದೊಡ್ಡ ಕುಸ್ತಿಯಲ್ಲಿ ಎದುರಾಳಿಯ ಭುಜದ ಕೀಲು ಸರಿಯಿತು. ಆ ಭುಜವನ್ನು ಒತ್ತಿದ್ದರೆ ಗೆಲುವು ಇವನದೇ. ಇವನು ಒತ್ತಲಿಲ್ಲ; ಸುಮ್ಮನೆ ಅಪ್ಪಿ ಹಿಡಿದು ಸಮಯ ಮುಗಿಯುವವರೆಗೂ ನಿಂತ. ಕುಸ್ತಿ ಸಮವೆಂದು ಸಾರಿದೊಡನೆ 'ಒಳ ಒಪ್ಪಂದ! ಮಾರ್ಕೊಂಡವ್ರೆ!' ಎಂದು ಜನ ಚಪ್ಪಲಿ ತೂರಿದರು. ಹೈಸ್ಕೂಲಿನ ಡ್ರಿಲ್ ಮೇಷ್ಟ್ರಾದ ನಾನೇ ಅಲ್ಲಿ ರೆಫ್ರಿ. 'ಹೇಳೋ ಮಾರಾಯ, ಅವನ ಭುಜ ಸರಿದಿತ್ತು ಅಂತ ಹೇಳೋ' ಎಂದು ಅಂಗಲಾಚಿದೆ.

'ಬಾಯಲ್ಲಿ ಕುಸ್ತಿ ಆಡಾದು ನಂಗೆ ಬರಲ್ಲ ಕಣ್ರೀ ಮೇಷ್ಟ್ರೇ' ಎಂದವನೇ ಕೋಟು ತೊಟ್ಟು ಹೊರಟುಬಿಟ್ಟ. ಆ ಕಳಂಕ ಐದು ವರ್ಷ ಅವನ ಬೆನ್ನಿಗಿತ್ತು.

ಎಂಬತ್ತೊಂದರ ಏಪ್ರಿಲ್ಲಿನಲ್ಲಿ, ಅಜ್ಜಂಪುರದಲ್ಲಿ ಶಾಲೆಯ ಕಟ್ಟಡದ ಸಹಾಯಾರ್ಥ ಕುಸ್ತಿ ಏರ್ಪಾಡಾಯಿತು. ತರೀಕೆರೆಯ ಓಂಕಾರಮೂರ್ತಿ ಎಂಬ ಇಪ್ಪತ್ನಾಲ್ಕರ ಪೈಲ್ವಾನನಿಗೂ ನಲವತ್ತೊಂದರ ರೇವಣಪ್ಪನಿಗೂ ಜೋಡಿ ಕಟ್ಟಿದರು. ಬೆಳಿಗ್ಗೆ ಅವನನ್ನು ಕರೆದೊಯ್ಯಲು ಚೌಳಹಿರಿಯೂರಿಗೆ ಹೋದವನು ನಾನೇ. ಅವನ ತಾಯಿ ತಿಮ್ಮಕ್ಕ ಜಗಲಿಯಲ್ಲಿದ್ದಳು. ಕಣ್ಣು ಮುಕ್ಕಾಲು ಹೋಗಿತ್ತು; ಗಟ್ಟಿಯಾಗಿದ್ದುದು ಕೈ ಮತ್ತು ಗಂಟಲು.

'ಬಗ್ಲಾ. ಬಿಸ್ಲು ನೆತ್ತಿಗೇರ್ತದೆ' ಎಂದು ಬೊಗಸೆ ತುಂಬ ಹರಳೆಣ್ಣೆ ಸುರಿದುಕೊಂಡಳು. 'ಇವತ್ತು ಬ್ಯಾಡ ಕಣವ್ವ' ಎನ್ನುತ್ತಲೇ ಹುಲಿ ಮಂಡಿಯೂರಿ ತಲೆಯೊಡ್ಡಿತು. ಮುದುಕಿ ಎಣ್ಣೆಯನ್ನು ಪಟಪಟನೆ ನೆತ್ತಿಗೆ ಬಡಿದು ಇಂಗಿಸಿದಳು.

ಕುಸ್ತಿಗೆ ಇಳಿಯುವವನ ಮೈಮೇಲೆ ಎಣ್ಣೆಯ ಪಸೆ ಇರಕೂಡದು. ಹಿಡಿತ ಜಾರುತ್ತದೆ, ಅದು ಮೋಸ. ಬೀದಿಗೆ ಬಂದೊಡನೆ ನಾನು ಗದರಿದೆ: 'ಲೇ, ತೊಳ್ಕಂಡು ಬಾ.'

'ಅವ್ವ ಇಟ್ಟ ಎಣ್ಣೆ ಅವಳೆದ್ರಿಗೇ ತೊಳಿಯಾದು ಹೆಂಗೆ ಮೇಷ್ಟ್ರೇ? ಒರೆಸ್ಕಂತೀನಿ ಬನ್ನಿ.' ಟವೆಲಿನಿಂದ ತಲೆ ಉಜ್ಜಿಕೊಂಡ. ಅಷ್ಟರಲ್ಲಿ ಬಸ್ಸು ಬಂತು. ರೆಫ್ರಿಯಾದ ನಾನೂ ಹತ್ತಿಬಿಟ್ಟೆ.

ಕಣಕ್ಕಿಳಿಯುವ ಮುನ್ನ ಓಂಕಾರಮೂರ್ತಿಯ ಉಸ್ತಾದ್ ಬೆನಕಪ್ಪ ರೇವಣಪ್ಪನ ತೋಳು, ತೊಡೆ, ಬೆನ್ನು ಸವರಿ ನೋಡಿದ. ಒಣಗಿತ್ತು. ಪೈಲ್ವಾನರಿಬ್ಬರೂ ವಾಡಿಕೆಯಂತೆ ಒಬ್ಬರಿಗೊಬ್ಬರು ಹಿಡಿ ಮಣ್ಣು ಕೊಟ್ಟುಕೊಂಡರು. ಇಪ್ಪತ್ತು ನಿಮಿಷ, ಸಾವಿರಾರು ಜನರಿದ್ದ ಆ ಬಯಲಿನಲ್ಲಿ ಇಬ್ಬರ ಉಸಿರಾಟ ಬಿಟ್ಟರೆ ಬೇರೆ ಸದ್ದಿಲ್ಲ. ಬೆವರು ಧಾರೆಗಟ್ಟಿತು, ನೆತ್ತಿಯ ಎಣ್ಣೆ ಬೆವರಿನ ಜೊತೆ ಕೆಳಗಿಳಿಯುತ್ತಿರುವುದು ಹತ್ತಿರವಿದ್ದ ನನಗೆ ಕಾಣಿಸಿತು. ಆಗಲೇ ಓಂಕಾರಮೂರ್ತಿ ಹಿಂದಿನಿಂದ ಕತ್ತಿಗೆ ತೋಳು ಹಾಕಿದ. ಅಚ್ಚುಕಟ್ಟಾದ ಪಟ್ಟು, ಎಂಥವನೂ ಉರುಳಬೇಕಿತ್ತು. ತೋಳು ನುಣ್ಣಗೆ ಜಾರಿತು. ರೇವಣಪ್ಪ ತಿರುಗಿದ, ಹುಡುಗ ಚಿತ್ತಾದ, ನಾನು ಸೀಟಿ ಊದಿದೆ.

ಬೆನಕಪ್ಪ ಒಂದೇ ನೆಗೆತಕ್ಕೆ ಒಳಗೆ ಬಂದು, ರೇವಣಪ್ಪನ ಕತ್ತನ್ನು ಅಂಗೈಯಿಂದ ಒರೆಸಿ, ಕೈಯನ್ನು ಬಿಸಿಲಿಗೆ ಎತ್ತಿ ಹಿಡಿದ. ಅಂಗೈ ಫಳಫಳ ಹೊಳೆಯಿತು.

'ನೋಡ್ರಪ್ಪಾ! ಎಣ್ಣೆ ಹಚ್ಕಂಡು ಬಂದವ್ನೆ ನಿಮ್ಮ ಹುಲಿ!'

'ಹುಲಿ ಅಲ್ಲ ಕಣೋ, ಹಾವುಮೀನು!' ಎಂದಿತು ಗುಂಪು. 'ತರೀಕೇರಿನಾಗೆ ಮಾರ್ಕಂಡ, ಇಲ್ಲಿ ಜಾರ್ಕಂಡ!'

ಸಮಿತಿಯ ಅಧ್ಯಕ್ಷ ತೀರ್ಥಪ್ಪನವರು ಮೈಕ್ ಹಿಡಿದರು. 'ರೇವಣಪ್ಪ, ಎಣ್ಣೆ ಎಲ್ಲಿಂದ ಬಂತು ಹೇಳಪ್ಪಾ. ಹೇಳ್ದೇ ಹೋದ್ರೆ ಕಡೂರು, ತರೀಕೆರೆ, ಅಜ್ಜಂಪುರ, ಎಲ್ಲೂ ಇನ್ಮೇಲೆ ನಿಂಗೆ ಜೋಡಿ ಕಟ್ಟಲ್ಲ. ಗರಡಿ ಬಾಗಿಲೂ ತೆಗಿಯಲ್ಲ.'

ನಾನು ಮೈಕಿನತ್ತ ಹೆಜ್ಜೆಯಿಟ್ಟೆ. ರೇವಣಪ್ಪ ನನ್ನ ಮಣಿಕಟ್ಟು ಹಿಡಿದ. ಆ ಹಿಡಿತದ ಗುರುತು ದೀಪಾವಳಿಯವರೆಗೂ ಇತ್ತು, ಇದು ಸುಳ್ಳಲ್ಲ.

'ಸುಮ್ನಿರಿ ಮೇಷ್ಟ್ರೇ. ನೀವು ಇಲ್ಲಿ ಹೇಳಿದ್ದು ಸಂಜೆ ಬಸ್ಸಿಗೇ ಊರಿಗೆ ಹೋಗ್ತದೆ. ತನ್ನ ಕೈಯಿಂದ ಮಗನ ಹೆಸ್ರು ಹಾಳಾಯ್ತು ಅಂತ ಗೊತ್ತಾದ್ರೆ ಅವ್ವ ಮತ್ತೆ ಅನ್ನ ಮುಟ್ಟಲ್ಲ.' ಆಮೇಲೆ ತೀರ್ಥಪ್ಪನವರ ಕಡೆ ತಿರುಗಿ, 'ಮೈ ತೊಳೀರಿ ಸ್ವಾಮಿ. ಈಗ್ಲೇ ಇನ್ನೊಂದ್ಸಲ ಬಿಡ್ರಿ' ಎಂದ.

ಗೆದ್ದರೆ ಹೆಸರು ಉಳಿಯಿತು. ಸೋತರೆ ಮೊದಲ ಗೆಲುವು ಎಣ್ಣೆಯದೇ ಎಂದು ರುಜುವಾತಾಯಿತು. ಇಬ್ಬರು ಆಳುಗಳು ಬಕೆಟ್ಟು ತಂದು, ಆ ಜನಸಾಗರದ ನಡುವೆ ಅವನನ್ನು ಕೂರಿಸಿ ಸೀಗೆಪುಡಿ, ಬೂದಿ ಹಾಕಿ ಎಮ್ಮೆಯನ್ನು ಉಜ್ಜಿದ ಹಾಗೆ ಉಜ್ಜಿದರು. 'ಮದುಮಗಂಗೆ ಅರಿಶಿನ ತರ್ರೋ!' ಎಂದು ಯಾರೋ ಕೂಗಿದರು. ಅವನು ಕಣ್ಣು ಮುಚ್ಚಿಕೊಂಡಿದ್ದ; ಸೀಗೆಪುಡಿ ಉರಿಯುತ್ತಿತ್ತೋ ಏನೋ.

ಎರಡನೆಯ ಕುಸ್ತಿ ಹನ್ನೊಂದು ನಿಮಿಷ ನಡೆಯಿತು. ಏಳನೆಯ ನಿಮಿಷದಲ್ಲಿ ರೇವಣಪ್ಪ ಹುಡುಗನನ್ನು ಸೊಂಟದ ಮಟ್ಟಕ್ಕೆ ಎತ್ತಿದ. ಬಯಲೆಲ್ಲ ಎದ್ದು ನಿಂತಿತು. ಇನ್ನೊಂದು ಗೇಣು ಎತ್ತಿದ್ದರೆ ಮುಗಿದಿತ್ತು; ಮಂಡಿ ನಡುಗಿತು, ಇಳಿಸಿಬಿಟ್ಟ. ಅಲ್ಲಿಂದ ಮುಂದೆ ಅವನು ತಡೆದನೇ ಹೊರತು ಆಡಲಿಲ್ಲ. ಹನ್ನೊಂದನೆಯ ನಿಮಿಷದಲ್ಲಿ ಕಾಲು ಸಿಕ್ಕಿಕೊಂಡು ಅಂಗಾತ ಬಿದ್ದ. ಎಡಭುಜ ನೆಲ ಮುಟ್ಟಿತು. ಬಲಭುಜ ನಾಲ್ಕು ಬೆರಳು ಮೇಲಿತ್ತು, ಎರಡಾಯಿತು, ಒಂದಾಯಿತು, ಮುಟ್ಟಿತು. ನಾನೊಬ್ಬನೇ ಅಷ್ಟು ಹತ್ತಿರದಿಂದ ನೋಡಿದವನು, ಕಾಣಲಿಲ್ಲವೆಂದಿದ್ದರೆ ಕೇಳುವವರಿರಲಿಲ್ಲ. ಅವನು ನೆಲದಿಂದಲೇ ನನ್ನನ್ನು ದಿಟ್ಟಿಸುತ್ತಿದ್ದ. ಊದಿದೆ.

ಎದ್ದವನೇ ಓಂಕಾರಮೂರ್ತಿಯ ಕೈ ಹಿಡಿದು ಮೇಲೆತ್ತಿ, 'ಚೆನ್ನಾಗಿ ಆಡ್ದೆ ಕಣಪ್ಪ' ಎಂದ. ಜನರ ಕೂಗಿನಲ್ಲಿ ಅದು ನನಗೆ ಮತ್ತು ಆ ಹುಡುಗನಿಗೆ ಮಾತ್ರ ಕೇಳಿಸಿತು.

ಸಂಜೆಯ ಬಸ್ಸಿನಲ್ಲಿ ಅವನ ಜೊತೆ ಊರಿಗೆ ಹೋದೆ. ತಿಮ್ಮಕ್ಕ ಜಗಲಿಯಿಂದಲೇ ಕೂಗಿದಳು:

'ಗೆದ್ಯೇನ್ಲಾ?'

'ಹ್ಞೂ ಕಣವ್ವ.'

'ನೆತ್ತಿ ತಂಪಾಗಿತ್ತಾ?'

'ಅದ್ಕೇ ಗೆದ್ದಿದ್ದು ಕಣವ್ವ.'

'ನಾ ಹೇಳಿರ್ಲಿಲ್ವೇ? ಮೇಷ್ಟ್ರೇ, ಕೇಳುಸ್ಕಂಡ್ರಾ? ಇವ್ನು ಬ್ಯಾಡ ಬ್ಯಾಡ ಅಂತಿದ್ದ!'

ಕೇಳಿಸಿಕೊಂಡೆ. ಅವಳು ಆಮೇಲೆ ನಾಲ್ಕು ವರ್ಷ ಬದುಕಿದಳು. ಅಜ್ಜಂಪುರದಿಂದ ಬಂದ ಸುದ್ದಿಗೆ ಅವಳ ಎಣ್ಣೆಯ ಮಾತನ್ನು ಸೇರಿಸಿಕೊಂಡು ಊರಿಗೆಲ್ಲ ನಿಜ ಗೊತ್ತಾಗಿತ್ತು. ಸೇದುವ ಬಾವಿಯ ಹತ್ತಿರ ತನ್ನ ಬೊಗಸೆ ಎಣ್ಣೆಯ ಮಹಿಮೆಯನ್ನು ಅವಳು ವರ್ಣಿಸುವಾಗ ಒಂದು ನರಪಿಳ್ಳೆಯೂ ತುಟಿ ಬಿಚ್ಚಲಿಲ್ಲ. ನಾನಂತೂ ಹೋದಾಗಲೆಲ್ಲ, ಅವತ್ತು ಇವನು ಕೆಡವಿದವರ ಸಂಖ್ಯೆಯನ್ನು ಒಂದೊಂದಾಗಿ ಏರಿಸಿ ಹೇಳಿ ಬರುತ್ತಿದ್ದೆ. ರೇವಣಪ್ಪನಿಗೆ ಮತ್ತೆ ಯಾರೂ ಜೋಡಿ ಕಟ್ಟಲಿಲ್ಲ.

ಬಲಶಾಲಿಗಳಲ್ಲಿ ಹೀಗೊಂದು ಪಂಗಡವಿದೆ. ಹೊತ್ತು ಹೊತ್ತು ಅಭ್ಯಾಸವಾಗಿ, ಯಾವ ಭಾರವನ್ನು ನ್ಯಾಯವಾಗಿ ಇಳಿಸಿಬಿಡಬಹುದು ಎಂಬುದೇ ಅವರಿಗೆ ಹೊಳೆಯುವುದಿಲ್ಲ. ಪಕ್ಕದಲ್ಲಿ ನಿಂತ ನಮ್ಮಂಥ ಬಾಯಿಬಡುಕರಿಗೆ ನಿಜ ತಿಳಿದಿದ್ದರೂ ಹೇಳುವ ಹಕ್ಕಿರುವುದಿಲ್ಲ. ಅವರು ತೀರಿಹೋದ ಮೇಲೆ ಹೇಳಬಹುದು, ಹೇಳುತ್ತೇವೆ. ಆದರೆ ಕೇಳಬೇಕಾಗಿದ್ದ ಜನವೆಲ್ಲ ಅಷ್ಟರಲ್ಲಿ ಬಯಲು ಖಾಲಿಮಾಡಿ ಮನೆ ಸೇರಿರುತ್ತಾರೆ.