ಬಳಗದ ಮೊದಲ ವೀಳ್ಯ

ಮಲಪ್ರಭಾ ಬಳಗದಲ್ಲಿ ಸದಸ್ಯರು ಮುನ್ನೂರು ಚಿಲ್ಲರೆ, ನಿಯಮಗಳು ಹನ್ನೊಂದು. ಬುದ್ಧಿ ಮಾತ್ರ ಎಲ್ಲರದೂ ಸೇರಿಸಿದರೂ ಒಂದು ಚಮಚ ತುಂಬುತ್ತಿರಲಿಲ್ಲ. ನನ್ನದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ನಮ್ಮ ಸೀಮೆಯವರೆಲ್ಲ ಇಂಟರ್ನೆಟ್ಟಿನಲ್ಲಿ ಒಂದೆಡೆ ಕೂಡಿ ಮಾತಾಡಲಿ ಎಂದು ಎರಡು ಸಾವಿರದ ಆರರಲ್ಲಿ ಈ ತಾಣ ಕಟ್ಟಿದವನು ಬೈಲಹೊಂಗಲದ ವಿರೂಪಾಕ್ಷ. ಅದರ ಉದ್ಘಾಟನೆ ಒಂದು ಸೈಬರ್ ಕೆಫೆಯಲ್ಲಿ ನಡೆಯಿತು. ಕಂಪ್ಯೂಟರಿಗೆ ಹಾರ ಹಾಕಿ ತೆಂಗಿನಕಾಯಿ ಒಡೆದರು. ಕಾಯಿಯ ನೀರು ಸಿಡಿದು ಕೀಬೋರ್ಡು ಅಂದೇ ಕೆಟ್ಟಿತು. ಶಕುನ ಎಂದು ಯಾರಿಗೂ ಅನಿಸಲಿಲ್ಲ, ಎಲ್ಲರೂ ಪೇಢೆ ತಿನ್ನುತ್ತಿದ್ದರು.

ಯಾರು ಏನೇ ಬರೆದರೂ ಅದನ್ನು ಓದಿ ಒಪ್ಪಿಗೆ ಕೊಡಲು ಮೂವರಿದ್ದರು. ಬೇರೆ ಕಡೆ ಇವರನ್ನು ಮಾಡರೇಟರ್ ಎನ್ನುತ್ತಾರೆ, ನಮ್ಮವರು ಪಂಚರು ಎಂದುಕೊಂಡರು. ವಿರೂಪಾಕ್ಷ ಒಬ್ಬ. ಕಿತ್ತೂರಿನ ಮಡಿವಾಳೆಪ್ಪ ಮಾಸ್ತರರು ಇನ್ನೊಬ್ಬರು. ಮೂರನೆಯವರು ರಾಮದುರ್ಗದ ಕೃಷ್ಣಾಜಿರಾಯರು, ಯಾವುದೋ ಕಚೇರಿಯಿಂದ ನಿವೃತ್ತರಾಗಿ ಬಂದರೂ ಅಧಿಕಾರವನ್ನು ಅಲ್ಲೇ ಬಿಟ್ಟು ಬರುವುದನ್ನು ಮರೆತವರು.

ನಿಯಮಗಳು ಕೇಳುವಂತಿದ್ದವು. ಏಕವಚನ ಸಲ್ಲದು. ಬರಹದ ಮೊದಲಿಗೆ ಪಂಚರಿಗೆ ಶರಣು ಅನ್ನಬೇಕು. ನಮ್ಮ ಸೀಮೆಯ ಸಂಸ್ಥೆಗಳನ್ನೂ ಗಣ್ಯರನ್ನೂ ಹಳಿಯಬಾರದು. ಬಳಗದಲ್ಲಿ ಹೆಣ್ಣುಮಕ್ಕಳಿರುವುದರಿಂದ ಒಬ್ಬರಿಗೊಬ್ಬರು ಖಾಸಗಿ ಪತ್ರ ಬರೆಯುವ ಸೌಲಭ್ಯವನ್ನು ಮುಚ್ಚಲಾಗಿದೆ. ಇವೆಲ್ಲಕ್ಕೂ ಕಿರೀಟವಿಟ್ಟಂತೆ ಒಂಬತ್ತನೆಯದು. ಮದುವೆಯಲ್ಲಿ ಮಾನದ ವೀಳ್ಯ ಮೊದಲು ಯಾವ ಮನೆಗೆ ಸಲ್ಲಬೇಕೋ ಅವರಿಗೆ ಕೊಡದೆ ಬೇರೆಯವರಿಗೆ ಕೊಟ್ಟರೆ ನಮ್ಮ ಕಡೆ ಹಂದರವೇ ಮುರಿದು ಬೀಳುತ್ತದೆ. ವಿರೂಪಾಕ್ಷ ಆ ಪದ್ಧತಿಯನ್ನು ಹೊತ್ತು ತಂದು ಇಂಟರ್ನೆಟ್ಟಿಗೆ ಕಟ್ಟಿದ. ಬಳಗದಲ್ಲಿ ಯಾರೇ ಏನೇ ಕೇಳಲಿ, ಮೊದಲ ಉತ್ತರ ಹಿರಿಯ ಪಂಚರದು. ಅವರು ಬಾಯಿ ಬಿಡುವವರೆಗೆ ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು.

ನಾನು ಶೈಲಜಾ. ಸವದತ್ತಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಹುಡುಗರಿಗೆ ಟೈಪಿಂಗ್ ಕಲಿಸುತ್ತಿದ್ದೆ. ಬಿಡುವಾದಾಗ ಈ ಬಳಗ ನೋಡಿ ನಗುವುದು ನನ್ನ ಚಟ.

ಜೂನ್ ತಿಂಗಳ ಒಂದು ಸೋಮವಾರ ನಗು ನಿಂತಿತು. ಒಬ್ಬ ಹುಡುಗಿ ಬರೆದಿದ್ದಳು. ‘ಪಂಚರಿಗೆ ಶರಣು. ನಾನು ಮಧು, ಸಾಲಹಳ್ಳಿ ನಿಜಗುಣಪ್ಪನವರ ಮಗಳು. ಯರಗಟ್ಟಿಯ ಗುರುಕೃಪಾ ನರ್ಸಿಂಗ್ ಶಾಲೆಗೆ ಹೆಸರು ಹಚ್ಚಬೇಕೆಂದಿದ್ದೇವೆ. ಶನಿವಾರ ಕೊನೆಯ ದಿನ. ಸೇರುವಾಗ ಮೂಲ ಅಂಕಪಟ್ಟಿ ಕೊಡಬೇಕಂತೆ. ಆ ಶಾಲೆಗೆ ಸರಕಾರದ ಮಾನ್ಯತೆ ಇದೆಯೇ? ಇಲ್ಲದಿದ್ದರೆ ರಾಮದುರ್ಗದ ಕಾಲೇಜಿನಲ್ಲಿ ಸಿಕ್ಕಿರುವ ಸೀಟನ್ನೇ ಉಳಿಸಿಕೊಳ್ಳುತ್ತೇನೆ. ಗೊತ್ತಿದ್ದವರು ದಯವಿಟ್ಟು ಹೇಳಿರಿ.’

ಗೊತ್ತಿದ್ದವಳು ನಾನು. ಆ ಶಾಲೆಯಲ್ಲಿ ಎರಡು ವರ್ಷ ಬಿಳಿ ಸೀರೆ ಉಟ್ಟು ಓಡಾಡಿದವಳು. ಪರೀಕ್ಷೆಯ ಹಾಲ್ ಟಿಕೆಟ್ ಬರಲೇ ಇಲ್ಲ. ಬೆಂಗಳೂರಿನ ನರ್ಸಿಂಗ್ ಮಂಡಳಿಗೆ ಹೋಗಿ ವಿಚಾರಿಸಿದರೆ ಅಂಥ ಶಾಲೆಯ ಹೆಸರೇ ಅವರ ಪಟ್ಟಿಯಲ್ಲಿರಲಿಲ್ಲ. ಅಂಕಪಟ್ಟಿ ವಾಪಸು ಕೇಳಿದರೆ ಇಂದು ಬಾ ನಾಳೆ ಬಾ ಎಂದು ಇನ್ನೊಂದು ವರ್ಷ ತಿಂದರು. ಇಪ್ಪತ್ತಾರರ ವಯಸ್ಸಿಗೆ ನಾನು ಟೈಪಿಂಗ್ ಕಲಿಸುತ್ತ ಕೂತಿರುವುದು ಅದೇ ಕಾರಣಕ್ಕೆ.

ಹತ್ತು ನಿಮಿಷದಲ್ಲಿ ಎಲ್ಲವನ್ನೂ ಬರೆದು ಕಳಿಸಿದೆ. ಸಿಟ್ಟಿನಲ್ಲಿ ಆ ಶಾಲೆಯ ಚೇರಮನ್ನನಿಗೆ ‘ಅವನು’ ಎಂದಿದ್ದೆ. ಅರ್ಧ ಗಂಟೆಯಲ್ಲಿ ಬರಹ ತಿರಸ್ಕೃತವಾಯಿತು. ‘ಅವನು’ ತೆಗೆದು ‘ಅವರು’ ಮಾಡಿದೆ, ಮೂವರು ಪಂಚರಿಗೂ ಶರಣು ಹೇಳಿದೆ, ‘ಮೋಸ’ ಎಂಬ ಮಾತನ್ನು ‘ಮಾನ್ಯತೆ ಇರುವುದಿಲ್ಲ’ ಎಂದು ಮೆತ್ತಗೆ ಮಾಡಿದೆ. ಅದೂ ತಿರಸ್ಕೃತ. ಸಂಜೆ ನಮ್ಮ ಕೇಂದ್ರಕ್ಕೇ ವಿರೂಪಾಕ್ಷನ ಫೋನು ಬಂತು.

“ತಂಗಿ, ನೀವು ಬರದದ್ದು ಖರೇ ಇರಬಹುದು. ನಾ ಇಲ್ಲ ಅನ್ನೂದಿಲ್ಲ. ಆದ್ರ ಮಾಸ್ತರು ಇನ್ನೂ ಉತ್ತರ ಕೊಟ್ಟಿಲ್ಲಲ್ರಿ.”

“ಮಾಸ್ತರಿಗೆ ಆ ಸಾಲಿ ಬಗ್ಗೆ ಏನರ ಗೊತ್ತೈತೇನ್ರಿ ಅಣ್ಣಾರ?”

“ಗೊತ್ತಿರೂದು ಬಿಡೂದು ಬ್ಯಾರೆ. ಮೊದಲ ವೀಳ್ಯ ಅವರದು. ಅವರು ಗುರುವಾರಕ್ಕೊಮ್ಮೆ ಕೆಫೆಗೆ ಬರ್ತಾರ. ತಡೀರಿ.”

“ಹುಡುಗಿ ಅಂಕಪಟ್ಟಿ ಶನಿವಾರ ಕೊಡ್ತಾಳ್ರಿ!”

“ಗುರುವಾರ ಆದಮ್ಯಾಲೆ ಶನಿವಾರ ಅಲ್ಲೇನ್ರಿ? ಎರಡು ದಿನ ಐತಿ,” ಎಂದ. ಲೆಕ್ಕ ಸರಿಯಾಗಿತ್ತು. ಅದೇ ಮೈ ಉರಿಸುವಂತಿತ್ತು.

ಗುರುವಾರ ಮಾಸ್ತರರು ಬಂದರು. ಕೆಫೆಯಲ್ಲಿ ಒಂದು ಗಂಟೆ ಕೂತು ಮಧುವಿಗೆ ಉತ್ತರಿಸಿದರು. ‘ವಿದ್ಯೆಯೇ ಹೆಣ್ಣಿಗೆ ಭೂಷಣ. ಸೇವೆಯೇ ಪೂಜೆ. ಶುಭವಾಗಲಿ.’ ಇಷ್ಟೇ. ಮಾನ್ಯತೆಯ ಸುದ್ದಿಯೇ ಇಲ್ಲ. ಆದರೂ ಇನ್ನಾದರೂ ನನ್ನ ಸರದಿ ಎಂದು ನಾನು ಕಾದೆ. ಅಷ್ಟರಲ್ಲಿ ಕೃಷ್ಣಾಜಿರಾಯರು ಎದ್ದರು. ತಾವು ಮಾಸ್ತರರಿಗಿಂತ ಹದಿನಾಲ್ಕು ತಿಂಗಳು ದೊಡ್ಡವರು, ಹಿರಿಯ ಪಂಚರೆಂದರೆ ತಾವೇ, ಮೊದಲ ವೀಳ್ಯ ತಮ್ಮದಾಗಿತ್ತು ಎಂದು ಬರೆದರು. ಹಿರಿತನವೆಂದರೆ ವಯಸ್ಸಲ್ಲ, ಮನೆತನ ಎಂದು ಮಾಸ್ತರರು ಮನೆಗೆ ಹೋಗದೆ ಅಲ್ಲೇ ಕೂತು ಬರೆದರು. ಒಬ್ಬರು ಜಾತಕ ತೆಗೆದರು, ಇನ್ನೊಬ್ಬರು ಮುತ್ತಜ್ಜನನ್ನು ತೆಗೆದರು. ಸದಸ್ಯರು ಎರಡು ಪಾಳಯವಾದರು. ಇತ್ಯರ್ಥವಾಗುವವರೆಗೆ ಮಧುವಿನ ಪ್ರಶ್ನೆಗೆ ಯಾರೂ ಉತ್ತರಿಸಕೂಡದೆಂದು ವಿರೂಪಾಕ್ಷ ಅದಕ್ಕೆ ಬೀಗ ಹಾಕಿದ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಹಾಗೆ. ಇಲ್ಲಿ ಗಂಡ ಹೆಂಡಿರಿಬ್ಬರೂ ಅರವತ್ತು ದಾಟಿದ ಗಂಡಸರು.

ಬೀಗ ಹಾಕಿದ್ದು ಮಧುವಿನ ಪ್ರಶ್ನೆಗೆ ಮಾತ್ರ. ನಿಯಮಗಳ ಬಗ್ಗೆ ಎಷ್ಟು ಬೇಕಾದರೂ ಬರೆಯಬಹುದಿತ್ತು, ಶಾಲೆಯ ಹೆಸರು ಬರಬಾರದಷ್ಟೇ. ಸರಿ, ನಾನೂ ಇಳಿದೆ. ಒಂಬತ್ತನೆಯ ನಿಯಮಕ್ಕೂ ಮೂರನೆಯದಕ್ಕೂ ಹೊಂದಿಕೆಯಿಲ್ಲ ಎಂದು ತೋರಿಸಿದೆ. ‘ಹಿರಿಯ’ ಎಂದರೇನೆಂದು ನಿಯಮದಲ್ಲಿ ಎಲ್ಲೂ ಹೇಳಿಲ್ಲ ಎಂದು ಪಾಟೀಸವಾಲು ಹಾಕಿದೆ. ಶುಕ್ರವಾರ ಒಂದೇ ದಿನ ಹದಿಮೂರು ಸಲ ಬರೆದೆ. ಗುರುವಾರಕ್ಕೊಮ್ಮೆ ಬರುವ ಮಾಸ್ತರರು ನನ್ನ ವಾದಕ್ಕೆ ಉತ್ತರ ಹುಡುಕುತ್ತ ಶುಕ್ರವಾರವೂ ಕೆಫೆಯಲ್ಲಿ ಕೂತಿದ್ದರೆ ನನಗೆ ಹೊಟ್ಟೆ ತುಂಬುತ್ತಿತ್ತು. ಶನಿವಾರ ಮಧ್ಯಾಹ್ನ ರೊಟ್ಟಿಯನ್ನೂ ಕಂಪ್ಯೂಟರಿನ ಮುಂದೆಯೇ ತಿಂದೆ, ಹುಡುಗರ ಟೈಪಿಂಗ್ ತಿದ್ದಲಿಲ್ಲ. ಸಂಜೆ ಐದಕ್ಕೆ ವಿರೂಪಾಕ್ಷ ಸೋಲೊಪ್ಪಿದ. ನಿಯಮವನ್ನು ತಿದ್ದುವುದಾಗಿಯೂ ಸೋಮವಾರ ನನ್ನ ಬರಹ ಹಾಕುವುದಾಗಿಯೂ ಘೋಷಿಸಿದ. ನಾನು ಎದ್ದು ನಿಂತು ನಕ್ಕೆ. ಗೆದ್ದೆ ಎಂದೇ ಅನಿಸಿತು. ಸಂಜೆ ಐದು ಎಂದರೆ ನರ್ಸಿಂಗ್ ಶಾಲೆಯ ಕಚೇರಿ ಮುಚ್ಚುವ ಹೊತ್ತು ಎಂಬುದು ಮನೆ ಸೇರಿದ ಮೇಲೆ ನೆನಪಾಯಿತು. ಕೊನೆಯ ದಿನವನ್ನು ಇನ್ನೂ ನಾಲ್ಕು ದಿನ ಮುಂದೂಡಿರಬಹುದು, ಅಂಥವರು ಮುಂದೂಡುತ್ತಲೇ ಇರುತ್ತಾರೆ ಎಂದು ಸಮಾಧಾನ ಹೇಳಿಕೊಂಡು ಊಟ ಮಾಡಿದೆ.

ಸೋಮವಾರ ಬರಹ ಬಂತು. ನಾನು ಮೊದಲು ಬರೆದ ತಾರೀಖು ವೇಳೆ ಸಮೇತ ಬಂತು. ಅದರ ನೆತ್ತಿಯ ಮೇಲೆ ‘ಮಾದರಿ ಬರಹ’ ಎಂದು ಕೆಂಪಕ್ಷರದಲ್ಲಿ ಹಾಕಿದ್ದರು. ಕಹಿ ಸತ್ಯವನ್ನೂ ಸಭ್ಯವಾಗಿ ಹೇಳುವುದು ಹೇಗೆಂದು ಸೋದರಿ ಶೈಲಜಾ ಅವರಿಂದ ಕಲಿಯಬೇಕು ಎಂದು ಕೃಷ್ಣಾಜಿರಾಯರು ಬರೆದರು, ಮಾಸ್ತರರು ಅದನ್ನು ಅನುಮೋದಿಸಿದರು. ಆ ವಾರದಲ್ಲಿ ಇಬ್ಬರೂ ಒಪ್ಪಿದ ಮೊದಲ ಮಾತು ಅದು. ಮತ್ತೆ ವಿರೂಪಾಕ್ಷನ ಫೋನು.

“ತಂಗಿ, ನಿಮ್ಮನ್ನ ನಾಕನೇ ಪಂಚರನ್ನ ಮಾಡೂಣಂತ ಎಲ್ಲಾರೂ ಕೂಡಿ ಠರಾಯಿಸೇವಿ. ಹೆಣ್ಣುಮಕ್ಕಳಿಗೂ ಮಾನ ಸಿಗಬೇಕಲ್ರಿ. ಪಾಸ್‌ವರ್ಡ್ ಬರ್ಕೋರಿ.”

ಬರೆದುಕೊಂಡೆ. ಬೇಡ ಎನ್ನಬಹುದಿತ್ತು. ಈ ಗುಂಪನ್ನು ಮೊದಲ ದಿನದಿಂದ ಆಡಿಕೊಂಡು ನಕ್ಕವಳು ನಾನು. ಆದರೆ ಪಂಚರ ಪಟ್ಟಿಯಲ್ಲಿ ನನ್ನ ಹೆಸರು ಕಾಣಿಸಿದಾಗ ಖುಷಿಯಾಯಿತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕೇಂದ್ರದ ಹುಡುಗರನ್ನು ಕರೆದು ತೋರಿಸಿದೆ.

ಮಂಗಳವಾರ ಒಪ್ಪಿಗೆಗೆ ಕಾದಿದ್ದ ಬರಹಗಳನ್ನು ತೆರೆದರೆ ಮಧುವಿನದೊಂದಿತ್ತು.

‘ನಾಲ್ಕೂ ಪಂಚರಿಗೆ ಶರಣು. ಶೈಲಜಾ ಅಕ್ಕನವರ ಬರಹ ಓದಿದೆ. ನಾವು ಶನಿವಾರ ಹೆಸರು ಹಚ್ಚಿದೆವು. ಅಂಕಪಟ್ಟಿ ಕೊಟ್ಟೆವು. ರಾಮದುರ್ಗದ ಸೀಟು ಬಿಟ್ಟೆವು. ನಿನ್ನೆ ಅಪ್ಪ ಹೋಗಿ ಕೇಳಿದರೆ ಅಂಕಪಟ್ಟಿ ಕೊಡಲು ಬರುವುದಿಲ್ಲ ಅಂದರು.’ ಅದರ ಕೆಳಗೆ ಬರಹದ ಭಾಷೆ ತಪ್ಪಿ, ಮನೆಯಲ್ಲಿ ಆಡುವ ಮಾತೇ ಬಂದುಬಿಟ್ಟಿತ್ತು. ‘ಅಕ್ಕಾರ, ನಿಮಗ ಹ್ವಾದ ಸೋಮವಾರನ ಗೊತ್ತಿತ್ತಂತ ತಾರೀಖು ನೋಡಿದ್ರ ತಿಳೀತೈತಿ. ನೀವು ಸವದತ್ತ್ಯಾಗನ ಇರ್ತೀರಿ. ಅಪ್ಪನ ಹೆಸರು, ಊರು ಎಲ್ಲಾ ಬರದಿದ್ನಿ. ಐದು ದಿನದಾಗ ಒಂದು ಬಸ್ ಹತ್ತಿ ಬಂದು ಹೇಳಾಕ ಆಗಲಿಲ್ಲೇನ್ರಿ?’

ಯರಗಟ್ಟಿಯಲ್ಲಿ ಬಸ್ಸು ಬದಲಿಸಿದರೆ ಸಾಲಹಳ್ಳಿ ಒಂದೂವರೆ ಗಂಟೆಯ ದಾರಿ. ಐದು ದಿನದಲ್ಲಿ ಆ ದಾರಿ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಎಲ್ಲರಿಗಿಂತ ಶಾಣ್ಯಾಕಿ ನಾನು, ಹದಿಮೂರು ಸಲ ಬರೆದವಳು. ಹಿಂದೆ ಕೂತ ಹುಡುಗರು ನೋಡಿದರೋ ಏನೋ ಎಂದು ತಿರುಗಿ ನೋಡಿದೆ. ಅವರು ತಮ್ಮ ಪಾಡಿಗೆ ಟೈಪ್ ಮಾಡುತ್ತಿದ್ದರು.

ಬರಹದ ಕೆಳಗೆ ಎರಡು ಗುಂಡಿಗಳಿದ್ದವು. ನಾನು ‘ತಿರಸ್ಕರಿಸು’ ಎಂಬುದನ್ನು ಒತ್ತಿದೆ. ಕಾರಣ ಬರೆಯಿರಿ ಎಂದು ಒಂದು ಖಾನೆ ತೆರೆಯಿತು. ಸಂಬಂಧಪಟ್ಟ ವಿಷಯದ ಚರ್ಚೆ ಮುಗಿದಿದೆ, ಪಂಚರನ್ನು ಹೆಸರು ಹಿಡಿದು ಪ್ರಶ್ನಿಸುವುದು ಬಳಗದ ಶಿಸ್ತಿಗೆ ಸಲ್ಲದು ಎಂದು ತಪ್ಪಿಲ್ಲದೆ, ಬಹುವಚನದಲ್ಲಿ ಬರೆದು ಕಳಿಸಿದೆ.