ಕೆಳಗಿನ ಮನೆಯ ಛಾವಣಿ

"ಪೈಪ್ ಇರಬೇಕು" ಎಂದುಬಿಟ್ಟ.

ಬಾಗಿಲಲ್ಲಿ ನಿಂತಿದ್ದ ಸಿಸ್ಟರ್ ಅವನ ಕಾಲುಗಳನ್ನು ನೋಡಿದರು. ಪೈಜಾಮ ಮೊಣಕಾಲಿನವರೆಗೆ ಮಡಚಿತ್ತು. ಬೆರಳುಗಳು ನೆನೆದು ಸುಕ್ಕುಗಟ್ಟಿದ್ದವು. ಕುಂಬಳಕಾಯಿ ಕಳ್ಳ ಎಂದೊಡನೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನೂ ತನ್ನ ಕಾಲುಗಳನ್ನೇ ನೋಡಿಕೊಂಡ.

"ನನ್ನ ಮಂಚದ ಮೇಲೇ ತೊಟ್ಟಿಕ್ತಿದೆ" ಎಂದರು ಸಿಸ್ಟರ್. "ಎದ್ದು ನೋಡಿದ್ರೆ ದಿಂಬು ಒದ್ದೆ. ಮೊದ್ಲು ನಾನೇ ನಿದ್ದೇಲಿ ಅತ್ತಿದೀನಿ ಅಂದ್ಕೊಂಡೆ."

ನಗಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. "ಇಲ್ಲೂ ನೆಲ ಎಲ್ಲ ನೀರು. ಸ್ನಾನದ ಮನೆ ಗೋಡೆ ಒಳಗೆ ಎಲ್ಲೋ ಸೋರ್ತಿದೆ, ಕಾಣುತ್ತೆ."

"ಹಾಗಾದ್ರೆ ಒಡೆಸಿ ನೋಡ್ಲೇಬೇಕು. ಪ್ಲಂಬರ್‌ನ ಕಳಿಸ್ತೀನಿ. ಮನೇಲಿರ್ತೀರಲ್ಲ?"

ಇರುತ್ತೇನೆ ಎಂದ. ಅವರು ಮೆಟ್ಟಿಲ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಮನೆಯ ಒಡತಿ ಅವರೇ. ಬದುಕೆಲ್ಲ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ಬೀದಿಗೆಲ್ಲ ಸಿಸ್ಟರ್, ಅವನಿಗೂ ಸಿಸ್ಟರ್.

ಬಾಗಿಲು ಮುಚ್ಚಿ ತಿರುಗಿದ. ಮೀನಿನ ತೊಟ್ಟಿ ಅರ್ಧ ಬರಿದಾಗಿ ನಿಂತಿತ್ತು. ಹಿಂಬದಿಯ ಮೂಲೆಯಲ್ಲಿ ಗಾಜಿಗೆ ಗಾಜು ಅಂಟಿಸಿದ ಕಡೆ ಬಾಯಿ ಬಿಟ್ಟಿತ್ತು. ಅಲ್ಲಿ ತೇವವಾಗುತ್ತಿದ್ದುದನ್ನು ಅವನು ಎಂದೋ ಕಂಡಿದ್ದ. ಹಳೆಯ ಟವೆಲ್ಲೊಂದನ್ನು ಮಡಚಿ ಅಡಿಗೆ ತುರುಕಿದ್ದ. ಸಮಸ್ಯೆ ಕಣ್ಣಿಗೆ ಕಾಣದಂತಾದರೆ ಬಗೆಹರಿದಂತೆ ಎಂದು ಅವನು ಬದುಕಿನಲ್ಲಿ ನಂಬಿಕೊಂಡು ಬಂದಿದ್ದ.

ಹೆಂಡತಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಬಟ್ಟೆ ಹಿಂಡುತ್ತಿದ್ದಳು.

"ಪೈಪಾ?" ಎಂದಳು.

"ಮತ್ತೇನು ಹೇಳ್ಬೇಕಿತ್ತು?"

"ನಾನೇನೂ ಹೇಳಿಲ್ವಲ್ಲ."

ನಿಜ. ಅವಳು ಏನೂ ಹೇಳುತ್ತಿರಲಿಲ್ಲ. ಟೀವಿ ಕೆಟ್ಟ ವರ್ಷ ಅವನು ಈ ತೊಟ್ಟಿಯನ್ನು ತಂದದ್ದು. ಟೀವಿ ಹೋದಮೇಲೆ ಕೋಣೆಯಲ್ಲಿ ನೋಡಲು ಒಬ್ಬರಿಗೊಬ್ಬರು ಮಾತ್ರ ಉಳಿದಿದ್ದರು. ಇಬ್ಬರೂ ಒಂದೇ ಕಡೆ ನೋಡುವುದಕ್ಕೆ ಏನಾದರೊಂದು ಬೇಕಾಗಿತ್ತು. ಮೀನು ಬೇಡವೆಂದು ಅವಳು ಅನ್ನಲೂ ಇಲ್ಲ, ತೊಟ್ಟಿಯ ನೀರಿಗೆ ಒಮ್ಮೆ ಬೆರಳು ಅದ್ದಿದ್ದನ್ನು ಅವನು ಕಾಣಲೂ ಇಲ್ಲ. ಸಿಸ್ಟರ್‌ಗಂತೂ ತೊಟ್ಟಿಯ ವಿಷಯವೇ ತಿಳಿದಿರಲಿಲ್ಲ. ಕೇಳಿರಲಿಲ್ಲ, ಹೇಳಿರಲಿಲ್ಲ.

ಅವಳು ಕೈ ಒರೆಸಿಕೊಂಡು, ಸೀರೆ ಬದಲಿಸಿ, ಮಕ್ಕಳಿಗೆ ಚಿತ್ರ ಕಲಿಸುವ ಶಾಲೆಗೆ ಹೊರಟುಹೋದಳು. ಅವನು ಕಾಲೇಜಿಗೆ ಫೋನ್ ಮಾಡಿ ರಜೆ ಹೇಳಿದ. ಮೀನುಗಳನ್ನು ಜಾಲರಿಯಲ್ಲಿ ಒಂದೊಂದಾಗಿ ಹಿಡಿದು ಬಕೆಟ್ಟಿಗೆ ಬಿಟ್ಟ. ಉಳಿದ ನೀರನ್ನು ಮಗ್ಗಿನಲ್ಲಿ ಮೊಗೆದು ಚೆಲ್ಲಿದ. ತೊಟ್ಟಿಯ ಮೇಲೆ ಮಂಚದ ಹೊದಿಕೆ ಹೊದಿಸಿದ. ಯಾರನ್ನೋ ಮಲಗಿಸಿದಂತೆ ಕಂಡಿತು.

ಪ್ಲಂಬರ್ ಮಾತಿನ ಮಲ್ಲ. ಬಂದವನೇ ಸ್ನಾನದ ಮನೆಗೆ ನುಗ್ಗಿ ಬಕೆಟ್ಟಿನೊಳಗೆ ಇಣುಕಿದ.

"ಸಾಕಿದ್ದಾ ಸಾರ್, ಸಾರಿಗಾ?"

"ಸಾಕಿದ್ದು."

"ಹಂಗೇ ಅನ್ಸ್ತು. ತಿನ್ನೋಕೆ ಮೈಯಲ್ಲೇನೂ ಇಲ್ಲ." ಸುತ್ತಿಗೆ ತೆಗೆದ. "ಯಾವ ಗೋಡೆ?"

ಈ ಪ್ರಶ್ನೆ ಬರುತ್ತದೆಂದು ಅವನು ಯೋಚಿಸಿರಲಿಲ್ಲ. ಕಾಲೇಜಿನಲ್ಲಿ ಅವನು ಕಲಿಸುವುದು ತರ್ಕಶಾಸ್ತ್ರ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸಂಬಂಧವಿಲ್ಲವೆಂದು ಪ್ರತಿ ವರ್ಷ ಹೊಸ ಮುಖಗಳಿಗೆ ವಿವರಿಸುತ್ತಾನೆ. ಕಿಟಕಿಯ ಬದಿಯ ಗೋಡೆಯಲ್ಲಿ ಮೊದಲೇ ಬಿರುಕು ಬಿಟ್ಟ ಟೈಲ್ಸ್ ಇದ್ದವು. ಅಲ್ಲಿ ಒಡೆದರೆ ಪಾಪ ಕಡಿಮೆ ಎನಿಸಿತು. ಬೆರಳು ತೋರಿಸಿದ.

ಏಟು ಬೀಳತೊಡಗಿತು. ನಿಲ್ಲಿಸು ಎನ್ನಲು ಪ್ರತಿ ಏಟಿನ ನಡುವೆಯೂ ಸಮಯವಿತ್ತು. ಅವನು ಬಾಗಿಲಿಗೆ ಒರಗಿ ನಿಂತು, ಬೇರೆ ಯಾರದೋ ಮನೆಯನ್ನು ಬೇರೆ ಯಾರೋ ಒಡೆಯುತ್ತಿರುವುದನ್ನು ನೋಡುವವನಂತೆ ನೋಡಿದ. ಹಾಗೆ ನೋಡಿದರೆ ಅದು ಸುಳ್ಳೂ ಆಗಿರಲಿಲ್ಲ. ಸಿಮೆಂಟಿನ ಪುಡಿ ಹಾರಿ ಬಕೆಟ್ಟಿನ ನೀರು ಮಬ್ಬಾಯಿತು.

"ಬನ್ನಿ ಸಾರ್ ಇಲ್ಲಿ" ಎಂದ ಪ್ಲಂಬರ್.

ಗೋಡೆಯೊಳಗೆ ಪೈಪು ತುಕ್ಕು ಹಿಡಿದು ಕಪ್ಪಗಾಗಿತ್ತು. ಕೀಲಿನಲ್ಲಿ ನೀರು ಜಿನುಗುತ್ತಿತ್ತು. ಸುತ್ತಲಿನ ಇಟ್ಟಿಗೆ ಬೆರಳಲ್ಲಿ ಒತ್ತಿದರೆ ಉದುರುವಷ್ಟು ನೆನೆದಿತ್ತು.

"ಎಷ್ಟು ವರ್ಷದಿಂದ ಸೋರ್ತಿತ್ತೋ. ನೀವು ಕರೆಕ್ಟಾಗಿ ಹೇಳಿದ್ರಿ ಬಿಡಿ."

ಅವನು ಆ ತೂತನ್ನೇ ನೋಡುತ್ತ ನಿಂತ. ಬಚಾವಾದೆ ಎಂದು ಮನಸ್ಸು ಹಗುರವಾಗಬೇಕಿತ್ತು. ಆಗಲಿಲ್ಲ. ಸುಳ್ಳು ಮಾತ್ರ ತನ್ನದು ಎಂದುಕೊಂಡಿದ್ದ. ಅದನ್ನೂ ಯಾರೋ ಕಿತ್ತುಕೊಂಡು ನಿಜ ಮಾಡಿಬಿಟ್ಟಿದ್ದರು.

ಸಿಸ್ಟರ್ ಮೇಲೆ ಬಂದು, ಮಬ್ಬು ಬಕೆಟ್ಟಿನ ಕಡೆ ಕಣ್ಣು ಹಾಕದೆ ಗೋಡೆಯ ತೂತನ್ನಷ್ಟೇ ನೋಡಿ, ಪ್ಲಂಬರ್ ಹತ್ತಿರ ಗೊಣಗಿ, ಅವನ ಕಡೆ ತಿರುಗಿದರು. "ತಪ್ಪು ತಿಳ್ಕೋಬೇಡಿ. ನಿಮ್ಮ ಕಾಲು ನೋಡಿ ಏನೋ ಮುಚ್ಚಿಡ್ತಿದ್ದಾರೆ ಅಂದ್ಕೊಂಡಿದ್ದೆ."

ಹೆಂಡತಿ ಹಿಂತಿರುಗಿದಾಗ ಬಿಸಿಲು ಕಿಟಕಿ ದಾಟಿತ್ತು. ಬೇರೆ ದಿನಗಳಲ್ಲಿ ಈ ಹೊತ್ತಿಗೆ ಅವನು ಇನ್ನೂ ಕಾಲೇಜಿನಲ್ಲೇ ಇರುತ್ತಿದ್ದ. ಸ್ನಾನದ ಮನೆಗೆ ಹೋದವಳು ಒಡೆದ ಗೋಡೆಯ ಕಡೆ ನೋಡಲಿಲ್ಲ. ಬಕೆಟ್ಟಿನ ಮುಂದೆ ಕೂತು, ಮಬ್ಬು ನೀರಿಗೆ ಮೊಣಕೈವರೆಗೆ ಕೈ ಅದ್ದಿ, ಬೊಗಸೆಯಲ್ಲಿ ಒಂದೊಂದೇ ಮೀನನ್ನು ಎತ್ತಿ ಅಡುಗೆಯ ದೊಡ್ಡ ಪಾತ್ರೆಗೆ ಬಿಟ್ಟಳು. ಅವು ಒದ್ದಾಡಲಿಲ್ಲ. ಅವಳ ಕೈಗೆ ಅದು ಹೊಸದಲ್ಲವೆಂಬುದನ್ನು ಅವನು ಕಂಡ. ಕೇಳಲು ಹೊರಟು ಬೇರೇನೋ ಅಂದ.

"ಪೈಪು ನಿಜವಾಗ್ಲೂ ಸೋರ್ತಿತ್ತು."

"ಹೌದಾ."

"ಆದ್ರೂ ಕೆಳಗೆ ಹೋಗಿ ಹೇಳ್ಬಿಡ್ತೀನಿ."

"ಏನಂತ?"

"ಇದ್ದದ್ದು."

ಅವಳು ಅವನನ್ನು ನೋಡಿದಳು. ಕೋಪವಿರಲಿಲ್ಲ. ಬಸ್ಸು ತಡ ಎಂದು ಕೇಳಿದವಳ ಮುಖದಂತಿತ್ತು. "ಹೋಗ್ಬಾ" ಎಂದಳು.

ಸಿಸ್ಟರ್ ಮಂಚದ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ದಿಂಬಿನ ಜಾಗದಲ್ಲಿ ಬೇಸಿನ್ನು ಇತ್ತು. ಛಾವಣಿಯಲ್ಲಿ ಕಂದು ಅಂಚಿನ ಕಲೆ ಹರಡಿತ್ತು. ಸುಣ್ಣ ಹಪ್ಪಳದಂತೆ ಎದ್ದಿತ್ತು.

"ಸಿಸ್ಟರ್, ಇದು ಪೈಪಿಂದ ಅಲ್ಲ. ನನ್ನ ಹತ್ರ ಮೀನಿನ ತೊಟ್ಟಿ ಇದೆ. ಅದು ಒಡೆದು ಹೀಗಾಗಿದ್ದು."

ಸಿಸ್ಟರ್ ನಕ್ಕರು. "ಕಣ್ಣಾರೆ ನೋಡಿ ಬಂದಿದೀನಲ್ಲ. ನಾನು ಅನುಮಾನ ಪಟ್ಟೆ ಅಂತ ಮೈಮೇಲೆ ಹಾಕ್ಕೋತಿದೀರಾ? ಅಷ್ಟು ಒಳ್ಳೇತನ ಒಳ್ಳೇದಲ್ಲ."

"ಇಲ್ಲ, ನಿಜವಾಗ್ಲೂ..."

"ಸಾಕು ಬಿಡಿ. ಒಂದು ಉಪಕಾರ ಮಾಡಿ. ನನಗೆ ಕಣ್ಣು ಸರಿಯಿಲ್ಲ. ಮಲಗಿ ನೋಡಿ, ಇನ್ನೂ ಜಿನುಗ್ತಿದೆಯಾ ಅಂತ."

ಬೇಸಿನ್ನು ತೆಗೆದಿಟ್ಟರು. ಮಲಗಿ ಎಂದ ದನಿಯಲ್ಲಿ ಎಷ್ಟೋ ರೋಗಿಗಳನ್ನು ಮಲಗಿಸಿದ ಅಭ್ಯಾಸವಿತ್ತು. ಅವನು ಚಪ್ಪಲಿ ಬಿಟ್ಟು ಮಲಗಿದ. ಬೆನ್ನಿಗೆ ಹಾಸಿಗೆಯ ತಣ್ಣನೆಯ ತೇವ ತಾಗಿತು.

ತನ್ನ ಮನೆಯನ್ನು ಅವನು ಅಡಿಯಿಂದ ಕಂಡದ್ದು ಅದೇ ಮೊದಲು. ಮೇಲೆ ಹೆಜ್ಜೆಗಳ ಸದ್ದು. ಅಡುಗೆಮನೆಯಿಂದ ನಡುಮನೆಗೆ ಬಂತು, ನಿಂತಿತು. ಪಾತ್ರೆಯನ್ನು ನೆಲದ ಮೇಲಿಟ್ಟ ಸದ್ದು. ಆಮೇಲೆ ಒಂದು ದನಿ.

ಹೆಂಡತಿಯ ದನಿ. ಮಾತು ತಿಳಿಯುತ್ತಿರಲಿಲ್ಲ, ಏರಿಳಿತವಷ್ಟೇ ಛಾವಣಿ ದಾಟಿ ಬರುತ್ತಿತ್ತು. ಅವಳು ಏನನ್ನೋ ವಿಸ್ತಾರವಾಗಿ ಹೇಳುತ್ತಿದ್ದಳು. ನಡುವೆ ನಿಲ್ಲಿಸಿ, ಉತ್ತರ ಕೇಳಿಸಿಕೊಂಡವಳಂತೆ ಮತ್ತೆ ಮುಂದುವರಿಸುತ್ತಿದ್ದಳು. ಒಮ್ಮೆ ನಕ್ಕಳು.

"ಶುರುವಾಯ್ತು ನೋಡಿ" ಎಂದರು ಸಿಸ್ಟರ್. "ದಿನಾ ಈ ಹೊತ್ತಿಗೆ. ಇಷ್ಟು ವರ್ಷ ಆದ್ಮೇಲೂ ಗಂಡ ಹೆಂಡ್ತಿಗೆ ಎಷ್ಟು ಮಾತಿರುತ್ತಪ್ಪಾ ಅಂತ ಕೇಳ್ತಾ ಮಲಗಿರ್ತೀನಿ." ಮಾತು ಅಲ್ಲಿಗೇ ನಿಂತಿತು. ಮಂಚದ ಮೇಲಿದ್ದ ಅವನನ್ನು ನೋಡಿದರು. ಮೇಲೆ ನೋಡಿದರು. "ಯಾರಾದ್ರೂ ಬಂದಿದ್ದಾರಾ?"

ಅವನು ಉತ್ತರ ಹೇಳಲು ಬಾಯಿ ತೆರೆದ. ಮುಚ್ಚಿದ. ಕಲೆಯ ಕಡೆಗೆ ಮುಖವೆತ್ತಿ, ರೆಪ್ಪೆ ಮಿಟುಕಿಸದೆ, ತೊಟ್ಟಿಯ ಮೀನಿನಂತೆ ಮತ್ತೆ ಬಾಯಿ ತೆರೆದ.